ನೋಟ್‌ಪ್ಯಾಡ್++ ಹಾಕಿಕೊಂಡು ಕನ್ನಡ ಕೆಡದಂತೆ ಬಳಸುವ ಬಗೆ

ಚಿತ್ರದುರ್ಗದ ಟೈಪಿಂಗ್ ಅಂಗಡಿಗಳಲ್ಲಿ, ಕಾಲೇಜು ಲ್ಯಾಬ್‌ಗಳಲ್ಲಿ, ಸೊಸೈಟಿ ಆಫೀಸುಗಳಲ್ಲಿ ಕನ್ನಡದ ಪಟ್ಟಿಗಳು ಎರಡು ಜಾತಿಯಲ್ಲಿ ಓಡಾಡುತ್ತವೆ: 'ನುಡಿ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದವು, ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಪಟ್ಟಿಯಾದ ಯೂನಿಕೋಡ್‌ನಲ್ಲಿ ಹೊಡೆದವು. ಎರಡನ್ನೂ ತೆರೆದು ನೋಡಲು, ಸಾವಿರಾರು ಸಾಲುಗಳನ್ನು ಒಂದೇ ಸಲ ತಿದ್ದಲು, ವಿಂಗಡಿಸಲು ವರ್ಡ್‌ಗಿಂತ ಹಗುರವಾದ ಸಾಧನ ಬೇಕು. ವಿಂಡೋಸ್‌ನಲ್ಲಿ ಆ ಕೆಲಸಕ್ಕೆ ನೋಟ್‌ಪ್ಯಾಡ್++ ಎಂಬ ಎಡಿಟರ್ ಸಾಕು. 2003ರಿಂದ ಬಳಕೆಯಲ್ಲಿದೆ, ಪೂರ್ತಿ ಉಚಿತ, ಹಳೆಯ ಡೆಸ್ಕ್‌ಟಾಪ್‌ನಲ್ಲೂ ತಡವರಿಸದೆ ಓಡುತ್ತದೆ. ಇನ್‌ಸ್ಟಾಲ್ ಮಾಡಲು ಐದು ನಿಮಿಷ ಹಿಡಿಯುವುದಿಲ್ಲ. ಕನ್ನಡ ಉಳಿಯುವುದೋ ಹಾಳಾಗುವುದೋ ನಿಂತಿರುವುದು ಆಮೇಲಿನ ಮೂರ್ನಾಲ್ಕು ಸೆಟ್ಟಿಂಗ್‌ಗಳ ಮೇಲೆ. ಹೆಚ್ಚಿನವರು ಅವನ್ನು ಮುಟ್ಟುವುದೇ ಇಲ್ಲ.

ಇಳಿಸುವುದು, ಹಾಕುವುದು

ಮೊದಲು ಸಿಸ್ಟಮ್ 32 ಬಿಟ್ಟೋ 64 ಬಿಟ್ಟೋ ನೋಡಿಕೊಳ್ಳಿ. ಸೆಟ್ಟಿಂಗ್ಸ್, ಸಿಸ್ಟಮ್, ಅಬೌಟ್ ಎಂದು ಹೋದರೆ 'ಸಿಸ್ಟಮ್ ಟೈಪ್' ಎಂಬ ಸಾಲಿನಲ್ಲಿ ಬರೆದಿರುತ್ತದೆ. ಇಳಿಸಬೇಕಾದದ್ದು ಅಧಿಕೃತ ತಾಣದಿಂದ ಮಾತ್ರ. ವಿಳಾಸದಲ್ಲಿ ನೋಟ್‌ಪ್ಯಾಡ್, ಪ್ಲಸ್, ಪ್ಲಸ್ ಎಂಬ ಮೂರು ಪದಗಳು ಇಂಗ್ಲಿಷಿನಲ್ಲಿ, ನಡುವೆ ಅಡ್ಡಗೆರೆ ಹಾಕಿಕೊಂಡು ಇರುತ್ತವೆ, ಕೊನೆಗೆ ಡಾಟ್ ಆರ್ಗ್. ಗೂಗಲ್‌ನಲ್ಲಿ ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿಗಳನ್ನು ಒತ್ತಬೇಡಿ. ಅಲ್ಲಿಂದ ಎಡಿಟರ್ ಜೊತೆಗೆ ಬೇಡದ ಟೂಲ್‌ಬಾರ್, ಬೇಡದ ಆಂಟಿವೈರಸ್ ಎಲ್ಲ ಬಂದು ಕೂರುತ್ತವೆ.

ಫೈಲ್ ಕೆಲವೇ ಎಂಬಿ. ಡಬಲ್ ಕ್ಲಿಕ್ ಮಾಡಿ, ಅನುಮತಿ ಕೇಳಿದರೆ ಯೆಸ್, ಭಾಷೆಗೆ ಇಂಗ್ಲಿಷ್, ಆಮೇಲೆ ಐ ಅಗ್ರೀ, ನೆಕ್ಸ್ಟ್. ಕಾಂಪೊನೆಂಟ್ಸ್ ಕೇಳುವ ಕಡೆ ಇರುವ ಟಿಕ್‌ಗಳನ್ನು ಹಾಗೇ ಬಿಡಿ. 'ಕಾಂಟೆಕ್ಸ್ಟ್ ಮೆನು' ಟಿಕ್ ಇದ್ದರೆ ಯಾವುದೇ ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ನೇರ ಇದರಲ್ಲೇ ತೆರೆಯಬಹುದು. ಡೆಸ್ಕ್‌ಟಾಪ್ ಶಾರ್ಟ್‌ಕಟ್ ಬೇಕಿದ್ದರೆ ಅದಕ್ಕೆ ನೀವೇ ಟಿಕ್ ಹಾಕಬೇಕು. ಮೆನುಗಳು ಕನ್ನಡದಲ್ಲಿ ಬೇಕೆನ್ನುವವರಿಗೆ ಪ್ರಿಫರೆನ್ಸಸ್‌ನ ಜನರಲ್ ವಿಭಾಗದ ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಆದರೂ ಕಲಿಯುವಷ್ಟು ದಿನ ಇಂಗ್ಲಿಷ್ ಮೆನು ಇಟ್ಟುಕೊಳ್ಳುವುದೇ ಮೇಲು, ಏಕೆಂದರೆ ಯಾರನ್ನು ಕೇಳಿದರೂ ಅವರು ಹೇಳುವುದು ಇಂಗ್ಲಿಷ್ ಹೆಸರುಗಳನ್ನೇ.

ಲ್ಯಾಬ್ ಸಿಸ್ಟಮ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಕೇಳಿ ನಿಂತರೆ ಇನ್‌ಸ್ಟಾಲರ್ ಬಿಟ್ಟು 'ಪೋರ್ಟಬಲ್' ಜಿಪ್ ಇಳಿಸಿ. ಪೆನ್‌ಡ್ರೈವ್‌ಗೋ ಡಿ ಡ್ರೈವ್‌ಗೋ ಬಿಚ್ಚಿ ಅಲ್ಲಿಂದಲೇ ಓಡಿಸಬಹುದು. ಜಿಪ್ ಒಳಗಿನಿಂದಲೇ ಡಬಲ್ ಕ್ಲಿಕ್ ಮಾಡಿದರೆ ಎಡಿಟರ್ ತೆರೆಯಬಹುದು, ಆದರೆ ಸೆಟ್ಟಿಂಗ್ ಉಳಿಯುವುದಿಲ್ಲ. ಬಿಚ್ಚಿಯೇ ಬಳಸಿ.

ಈಗಾಗಲೇ ಹಳೆಯ ಆವೃತ್ತಿ ಇರುವವರಿಗೆ ಒಂದು ಮಾತು. 2025ರಲ್ಲಿ ಇದರ ಅಪ್‌ಡೇಟ್ ಬರುವ ದಾರಿಯನ್ನೇ ದುಷ್ಕರ್ಮಿಗಳು ಬೇರೆ ಕಡೆ ತಿರುಗಿಸಿದ ಪ್ರಕರಣ ನಡೆದಿತ್ತು. 8.8.9ರಿಂದ ಈಚೆಗೆ ಅಪ್‌ಡೇಟರ್ ಇಳಿಸಿದ ಫೈಲಿನ ಸಹಿಯನ್ನು ಪರಿಶೀಲಿಸಿಯೇ ಮುಂದುವರಿಯುತ್ತದೆ. ಪ್ರಶ್ನೆ ಚಿಹ್ನೆಯ ಮೆನುವಿನ ಅಬೌಟ್‌ನಲ್ಲಿ ಅದಕ್ಕಿಂತ ಹಳೆಯ ಸಂಖ್ಯೆ ಕಂಡರೆ ಒಳಗಿನ ಅಪ್‌ಡೇಟ್ ಬಟನ್ ಒತ್ತದೆ, ಅಧಿಕೃತ ತಾಣದಿಂದ ಹೊಸ ಇನ್‌ಸ್ಟಾಲರ್ ಇಳಿಸಿ ಹಳೆಯದರ ಮೇಲೆಯೇ ಹಾಕಿ. ಸೆಟ್ಟಿಂಗ್‌ಗಳು ಎಲ್ಲಿಗೂ ಹೋಗುವುದಿಲ್ಲ.

ಮೊದಲ ಸಲ ತೆರೆದಾಗ ಮಾಡಬೇಕಾದ್ದು

ಸೆಟ್ಟಿಂಗ್ಸ್ ಮೆನುವಿನಲ್ಲಿ ಪ್ರಿಫರೆನ್ಸಸ್ ತೆರೆಯಿರಿ. 'ನ್ಯೂ ಡಾಕ್ಯುಮೆಂಟ್' ವಿಭಾಗದಲ್ಲಿ ಎನ್‌ಕೋಡಿಂಗ್, ಅಂದರೆ ಅಕ್ಷರಗಳನ್ನು ಫೈಲಿನಲ್ಲಿ ಬೈಟ್‌ಗಳಾಗಿ ಬರೆದಿಡುವ ಪದ್ಧತಿ, ಯುಟಿಎಫ್-8 ಇರಲಿ; ಯೂನಿಕೋಡ್ ಬರೆದಿಡುವುದು ಇದರಲ್ಲೇ. ಅದರ ಕೆಳಗೆ 'ಅಪ್ಲೈ ಟು ಓಪನ್ಡ್ ಆನ್ಸಿ ಫೈಲ್ಸ್' ಎಂಬ ಸಣ್ಣ ಚೌಕವಿದೆ, ಅದಕ್ಕೂ ಟಿಕ್ ಹಾಕಿ. ಇದಿಲ್ಲದಿದ್ದರೆ ಬರೀ ಇಂಗ್ಲಿಷ್ ಇರುವ ಫೈಲ್ ಆನ್ಸಿಯಾಗಿ (ಕನ್ನಡಕ್ಕೆ ಜಾಗವಿಲ್ಲದ ಹಳೆಯ ಪದ್ಧತಿ) ತೆರೆದುಕೊಳ್ಳಬಹುದು, ನೀವು ಅದರಲ್ಲಿ ಕನ್ನಡ ಹೊಡೆದರೆ ಪ್ರಶ್ನೆ ಚಿಹ್ನೆಗಳು ಬೀಳುತ್ತವೆ.

ಮುಂದೆ 'ಮಿಸ್ಕ್' ವಿಭಾಗದಲ್ಲಿ, ಪರದೆಯ ಮೇಲೆ ಅಕ್ಷರ ಮೂಡಿಸುವ ಡೈರೆಕ್ಟ್‌ರೈಟ್ ಆಯ್ಕೆ ಆನ್ ಇದೆಯೇ ನೋಡಿ. ಅದು ಆಫ್ ಇದ್ದರೆ ಒತ್ತಕ್ಷರಗಳು ಅಕ್ಷರದಿಂದ ಕಳಚಿ ಪಕ್ಕದಲ್ಲಿ ಬೀಳಬಹುದು. ಬದಲಿಸಿದ ಮೇಲೆ ಎಡಿಟರ್ ಮುಚ್ಚಿ ತೆರೆಯಬೇಕು. ಫಾಂಟ್ ಬದಲಿಸುವುದು ಸೆಟ್ಟಿಂಗ್ಸ್‌ನ ಸ್ಟೈಲ್ ಕಾನ್ಫಿಗರೇಟರ್‌ನಲ್ಲಿ: ಗ್ಲೋಬಲ್ ಸ್ಟೈಲ್ಸ್, ಡಿಫಾಲ್ಟ್ ಸ್ಟೈಲ್, ಫಾಂಟ್ ನಿರ್ಮಲಾ ಯುಐ, ಅಳತೆ 14. ವಿಂಡೋಸ್ 8ರಿಂದ ಈ ಫಾಂಟ್ ಜೊತೆಗೇ ಬರುತ್ತದೆ. ಅದಕ್ಕಿಂತ ಹಳೆಯದರಲ್ಲಿ ತುಂಗಾ ಇರುತ್ತದೆ. ಇಂಗ್ಲಿಷಿಗೆ 10 ಸಾಕಾದರೂ ಕನ್ನಡಕ್ಕೆ 14 ಬೇಕು, ಇಲ್ಲದಿದ್ದರೆ 'ಷ್ಟ್ರ' ಕೆಳಗಿನ ವತ್ತು ಯಾವುದೆಂದು ಕಣ್ಣಿಗೆ ಸಿಗುವುದಿಲ್ಲ.

ಟೈಪ್ ಮಾಡಲು ನುಡಿ ಬಳಸುವವರು ಅದನ್ನು ಯೂನಿಕೋಡ್ ಮೋಡ್‌ಗೆ ಇಟ್ಟುಕೊಳ್ಳಲೇಬೇಕು. ನುಡಿ ಇಲ್ಲದವರು ವಿಂಡೋಸ್‌ನ ಭಾಷಾ ಸೆಟ್ಟಿಂಗ್‌ನಲ್ಲಿ ಕನ್ನಡ ಸೇರಿಸಿ, ವಿಂಡೋಸ್ ಕೀ ಮತ್ತು ಸ್ಪೇಸ್ ಬಾರ್ ಒಟ್ಟಿಗೆ ಒತ್ತಿ ಭಾಷೆ ಬದಲಿಸಬಹುದು. 2019ರ ಮೇ ಅಪ್‌ಡೇಟ್‌ನಿಂದ ಫೊನೆಟಿಕ್ ಕೀಲಿಮಣೆಯೂ ಅದರಲ್ಲೇ ಇದೆ.

ಅಕ್ಷರ ಕೆಟ್ಟಾಗ ರೋಗ ಗುರುತಿಸುವುದು

ಕೆಟ್ಟ ಕನ್ನಡ ನಾಲ್ಕು ರೂಪದಲ್ಲಿ ಕಾಣಿಸುತ್ತದೆ, ನಾಲ್ಕಕ್ಕೂ ಔಷಧಿ ಬೇರೆ. ಎಲ್ಲಕ್ಕೂ ಒಂದೇ ಔಷಧಿ ಎಂದು ಕಂಡ ಕಂಡ ಆಯ್ಕೆ ಒತ್ತಿ, ಮೇಲೆ ಸೇವ್ ಕೂಡ ಮಾಡಿಬಿಟ್ಟರೆ ಬದುಕಿದ್ದ ಫೈಲೂ ಹೋಗುತ್ತದೆ. ಮೊದಲು ನಕಲು ಮಾಡಿಟ್ಟುಕೊಳ್ಳಿ, ಆಮೇಲೆ ಕೈ ಹಾಕಿ.

ಖಾಲಿ ಚೌಕಗಳು ಕಂಡರೆ ಹೆದರಬೇಕಿಲ್ಲ. ಮಾಹಿತಿ ಸರಿಯಾಗಿದೆ, ಫಾಂಟ್ ಇಲ್ಲ ಅಷ್ಟೆ.

ತಲೆಯ ಮೇಲೆ ಓರೆಗೆರೆ ಹೊತ್ತ ಸಣ್ಣ ಇಂಗ್ಲಿಷ್ 'ಎ', ಅದರ ಪಕ್ಕದಲ್ಲಿ ಪುಟ್ಟದಾಗಿ ಮೇಲೇರಿದ 2 ಇಲ್ಲವೇ 3, ಹೀಗೆ ಇಡೀ ಪುಟ ತುಂಬಿದ್ದರೆ ಅದು ಯುಟಿಎಫ್-8ರ ಕನ್ನಡವನ್ನು ಆನ್ಸಿ ಎಂದು ಓದಿದ ಗುರುತು. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಮೊದಲ ಬೈಟ್ ಎಲ್ಲದಕ್ಕೂ ಒಂದೇ, ಎರಡನೆಯದು ಎರಡರಲ್ಲಿ ಒಂದು. ಅದಕ್ಕೇ ಆ ಜೋಡಿ ಮತ್ತೆ ಮತ್ತೆ ಬರುವುದು. ಎನ್‌ಕೋಡಿಂಗ್ ಮೆನುವಿನ ಮೇಲಿನ ಗುಂಪಿನಲ್ಲಿ 'ಯುಟಿಎಫ್-8' ಒತ್ತಿ, ಕನ್ನಡ ಎದ್ದು ಬರುತ್ತದೆ. ಅದೇ ಮೆನುವಿನ ಕೆಳಗಿನ ಗುಂಪಿನಲ್ಲಿರುವ 'ಕನ್ವರ್ಟ್ ಟು ಯುಟಿಎಫ್-8' ಒತ್ತಬೇಡಿ. ಮೇಲಿನದು ಓದುವ ರೀತಿಯನ್ನಷ್ಟೇ ಬದಲಿಸುತ್ತದೆ, ಕೆಳಗಿನದು ಫೈಲಿನ ಬೈಟ್‌ಗಳನ್ನೇ ಬದಲಿಸುತ್ತದೆ. ತಪ್ಪಾಗಿ ಓದಿದ್ದನ್ನು ಕನ್ವರ್ಟ್ ಮಾಡಿ ಸೇವ್ ಮಾಡಿದರೆ ಆ ಗೋಜಲೇ ಫೈಲಿನಲ್ಲಿ ಖಾಯಂ ಆಗುತ್ತದೆ.

ಟೋಪಿ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳ ನಡುವೆ ಪೌಂಡ್ ಚಿಹ್ನೆ, ದೊಡ್ಡ ಪಿ, ಸಣ್ಣ ಕ್ಯೂ ಎಲ್ಲ ಕಲಸಿಕೊಂಡಿದ್ದರೆ ಅದು ನುಡಿ ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿನಲ್ಲಿ ಹೊಡೆದದ್ದು. ಕಂಪ್ಯೂಟರಿನ ಲೆಕ್ಕದಲ್ಲಿ ಅದು ಕನ್ನಡವೇ ಅಲ್ಲ, ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡ ಚಿತ್ರ ಅಂಟಿಸಿದ್ದು. ಎನ್‌ಕೋಡಿಂಗ್ ಮೆನುವಿನಲ್ಲಿ ಏನು ಒತ್ತಿದರೂ ಸರಿಹೋಗದು. ನುಡಿಯ ಜೊತೆಗೇ ಬರುವ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಬೇಕು. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ, ಅವನ್ನು ಕೈಯಲ್ಲೇ ತಿದ್ದಬೇಕು. ಮೂಲ ಫೈಲನ್ನು ಅಳಿಸಬೇಡಿ: ಪೇಜ್‌ಮೇಕರ್‌ನಲ್ಲಿ ಲಗ್ನಪತ್ರಿಕೆ ಮಾಡುವ ಅಂಗಡಿಗೆ ಇಂದಿಗೂ ಹಳೆಯದೇ ಬೇಕು, ಆ ತಂತ್ರಾಂಶಕ್ಕೆ ಯೂನಿಕೋಡ್ ಕನ್ನಡ ಗೊತ್ತಿಲ್ಲ.

ಸಾಲು ಸಾಲು ಪ್ರಶ್ನೆ ಚಿಹ್ನೆ ಕಂಡರೆ, ಯಾರೋ ಯೂನಿಕೋಡ್ ಕನ್ನಡವನ್ನು ಆನ್ಸಿಯಾಗಿ ಸೇವ್ ಮಾಡಿದ್ದಾರೆ. ಆ ಫೈಲಿನಲ್ಲಿ ಈಗ ಇರುವುದು ನಿಜಕ್ಕೂ ಪ್ರಶ್ನೆ ಚಿಹ್ನೆಗಳೇ. ಯಾವ ತಂತ್ರಾಂಶವೂ ವಾಪಸ್ ತರಲಾರದು, ಹಳೆಯ ಪ್ರತಿ ಹುಡುಕಿ.

ಇನ್ನೊಂದು ದಿನನಿತ್ಯದ ತಾಪತ್ರಯ ಎಕ್ಸೆಲ್. ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ) ಪಟ್ಟಿ ಇಲ್ಲಿ ಚೆನ್ನಾಗಿ ಕಂಡು, ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿದಾಗ ಗೋಜಲಾದರೆ 'ಕನ್ವರ್ಟ್ ಟು ಯುಟಿಎಫ್-8-ಬಾಮ್' ಮಾಡಿ ಸೇವ್ ಮಾಡಿ. ಫೈಲಿನ ತಲೆಯಲ್ಲಿ ಮೂರು ಬೈಟ್‌ಗಳ ಗುರುತು ಕೂರುತ್ತದೆ, ಎಕ್ಸೆಲ್ ಅದನ್ನು ನೋಡಿ ಸರಿಯಾಗಿ ಓದುತ್ತದೆ. ಪಿಎಚ್‌ಪಿ, ಶೆಲ್ ಸ್ಕ್ರಿಪ್ಟ್ ಬರೆಯುವ ವಿದ್ಯಾರ್ಥಿಗಳಿಗೆ ಅದೇ ಗುರುತು ತೊಡಕು, ಅಲ್ಲಿ ಬಾಮ್ ಇಲ್ಲದ ಯುಟಿಎಫ್-8 ಇರಲಿ.

ಪಟ್ಟಿ ತಿದ್ದುವುದು, ವಿಂಗಡಿಸುವುದು

ಕಂಟ್ರೋಲ್ + ಎಚ್ ಒತ್ತಿದರೆ ಹುಡುಕಿ-ಬದಲಿಸುವ ಕಿಟಕಿ. ಕೆಳಗೆ ಮೂರು ಬಗೆಯ ಸರ್ಚ್ ಮೋಡ್: ನಾರ್ಮಲ್, ಎಕ್ಸ್‌ಟೆಂಡೆಡ್, ರೆಗ್ಯುಲರ್ ಎಕ್ಸ್‌ಪ್ರೆಶನ್. ಕನ್ನಡ ಅಂಕಿಗಳಿರುವ ಪಟ್ಟಿಗೆ, ಪದದ ಬದಲು ನಮೂನೆ ಕೊಟ್ಟು ಹುಡುಕುವ ಮೂರನೆಯದು ಬಹಳ ಉಪಕಾರಿ. ಸೊನ್ನೆಯ ಬದಲು ಅನುಸ್ವಾರ ಒತ್ತುವುದು ಎಲ್ಲೆಡೆ ನಡೆದೇ ಇದೆ. ೧೦ ಎಂದು ಹೊಡೆದದ್ದೂ ೧ಂ ಎಂದು ಹೊಡೆದದ್ದೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ, ಆದರೆ ಎರಡನೆಯದು ಸಂಖ್ಯೆಯಲ್ಲ, ಕೂಡಿಸಲು ಬಾರದು. ಹುಡುಕುವ ಜಾಗದಲ್ಲಿ ([೦-೯])ಂ ಎಂದೂ ಬದಲಿಸುವ ಜಾಗದಲ್ಲಿ $1೦ ಎಂದೂ ಹಾಕಿ 'ರಿಪ್ಲೇಸ್ ಆಲ್' ಒತ್ತಿ. ಅಂಕಿಯ ಬೆನ್ನಿಗೇ ಬಂದ ಅನುಸ್ವಾರವೆಲ್ಲ ಸೊನ್ನೆಯಾಗುತ್ತದೆ. ೧ಂಂ ಇದ್ದ ಕಡೆ ಒಂದು ಸಲಕ್ಕೆ ಒಂದೇ ಬದಲಾಗುವುದರಿಂದ, 'ಸೊನ್ನೆ ಬದಲಾವಣೆ' ಎಂದು ತೋರಿಸುವವರೆಗೆ ಒತ್ತುತ್ತಿರಿ.

ಕಣ್ಣೆದುರೇ ಇರುವ ಪದ ಹುಡುಕಿದರೆ ಸಿಗದಿರುವುದೂ ಉಂಟು. ರಾಜ್‌ಕುಮಾರ್ ಎಂಬಲ್ಲಿ ಜ್ ಮತ್ತು ಕು ಕೂಡಿಕೊಳ್ಳದಂತೆ ತಡೆಯಲು ನಡುವೆ ಕಾಣದ ಸಂಕೇತವೊಂದು ಕೂತಿರುತ್ತದೆ. ಒಂದು ಕಡೆ ಅದು ಇದ್ದು ಇನ್ನೊಂದು ಕಡೆ ಇಲ್ಲದಿದ್ದರೆ ಎರಡೂ ಬೇರೆ ಪದ. ವ್ಯೂ ಮೆನುವಿನ 'ಶೋ ಸಿಂಬಲ್'ನಲ್ಲಿ ನಾನ್-ಪ್ರಿಂಟಿಂಗ್ ಕ್ಯಾರೆಕ್ಟರ್ಸ್ ಆನ್ ಮಾಡಿದರೆ ಅದು ಕಾಣಿಸುತ್ತದೆ. ಕೆಳಪಟ್ಟಿಯ 'ಲೆಂತ್' ಸಂಖ್ಯೆಯೂ ಗುಟ್ಟು ಬಿಟ್ಟುಕೊಡುತ್ತದೆ: ಖಾಲಿ ಫೈಲಿನಲ್ಲಿ 'ಸ್ತ್ರೀ' ಎಂದಷ್ಟೇ ಹೊಡೆದು ನೋಡಿ, 18 ಎಂದು ತೋರಿಸುತ್ತದೆ. ನಮಗೆ ಒಂದಕ್ಷರ, ಅದಕ್ಕೆ ಆರು ಸಂಕೇತ, ಒಂದಕ್ಕೆ ಮೂರು ಬೈಟ್. 21 ಬಂದರೆ ಒಳಗೆ ಒಂದು ಸಂಕೇತ ಹೆಚ್ಚಾಗಿದೆ ಎಂದರ್ಥ. ಕೆಲವು ಸಲ ಗುಡಿಸಿನ ದೀರ್ಘ ಎರಡು ತುಂಡಾಗಿ ಟೈಪ್ ಆಗಿರುತ್ತದೆ.

ವಿಂಗಡಿಸಲು ಎಡಿಟ್, ಲೈನ್ ಆಪರೇಶನ್ಸ್, ಸಾರ್ಟ್ ಲೈನ್ಸ್ ಲೆಕ್ಸಿಕೊಗ್ರಾಫಿಕಲಿ. ಜಿಲ್ಲೆಯ ಆರು ತಾಲ್ಲೂಕುಗಳನ್ನು ಸಾಲಿಗೊಂದರಂತೆ ಬರೆದು ಒತ್ತಿದರೆ ಬರುವ ಕ್ರಮ: ಚಳ್ಳಕೆರೆ, ಚಿತ್ರದುರ್ಗ, ಮೊಳಕಾಲ್ಮೂರು, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ. ಕೊನೆಯ ಎರಡನ್ನು ಗಮನಿಸಿ. ನಮ್ಮ ವರ್ಣಮಾಲೆಯಲ್ಲಿ ಳ ಬರುವುದು ಹ ಆದ ಮೇಲೆ, ಹಾಗಾಗಿ ಹೊಸದುರ್ಗ ಮೊದಲು ಬರಬೇಕಿತ್ತು. ಯೂನಿಕೋಡ್ ಪಟ್ಟಿಯಲ್ಲಿ ಳ ಕೂತಿರುವುದು ಲ ಪಕ್ಕದಲ್ಲಿ, ವ ಬರುವುದಕ್ಕೂ ಮೊದಲು. ಎಡಿಟರ್ ಆ ಸಂಕೇತ ಸಂಖ್ಯೆಯನ್ನಷ್ಟೇ ನೋಡುತ್ತದೆ. ಸದಸ್ಯರ ಪಟ್ಟಿಯನ್ನು ಅಕಾರಾದಿಯಲ್ಲಿ ಅಚ್ಚಿಗೆ ಕಳಿಸುವ ಮುನ್ನ ಳ ಇರುವ ಹೆಸರುಗಳನ್ನು ಒಮ್ಮೆ ಕೈಯಲ್ಲಿ ಸರಿಪಡಿಸಿ. ಅದೇ ಮೆನುವಿನಲ್ಲಿ ಒಂದೇ ಹೆಸರು ಎರಡು ಸಲ ಬಂದದ್ದನ್ನು, ಖಾಲಿ ಸಾಲುಗಳನ್ನು ತೆಗೆಯುವ ಆಯ್ಕೆಗಳೂ ಇವೆ. ಅದಕ್ಕೂ ಮೊದಲು ಬ್ಲ್ಯಾಂಕ್ ಆಪರೇಶನ್ಸ್‌ನಲ್ಲಿ 'ಟ್ರಿಮ್ ಟ್ರೇಲಿಂಗ್ ಸ್ಪೇಸ್' ಒತ್ತಬೇಕು. ಸಾಲಿನ ಕೊನೆಯಲ್ಲಿ ಒಂದು ಸ್ಪೇಸ್ ಉಳಿದಿದ್ದರೂ ಅದು ಬೇರೆ ಹೆಸರೆಂದೇ ಲೆಕ್ಕ.

ಆಲ್ಟ್ ಹಿಡಿದು ಮೌಸ್ ಎಳೆದರೆ ನಿಲುವಾಗಿ ಆಯ್ಕೆಯಾಗುವ ಸೌಲಭ್ಯ ಇಂಗ್ಲಿಷ್ ಪಟ್ಟಿಗೆ ಸೊಗಸು. ಕನ್ನಡಕ್ಕೆ ನೆಚ್ಚಬೇಡಿ, ಅಕ್ಷರಗಳ ಅಗಲ ಒಂದೇ ಇಲ್ಲದ್ದರಿಂದ ಗೆರೆ ಹೆಸರಿನ ನಡುವೆಯೇ ಕೊಯ್ಯುತ್ತದೆ.

ಕರೆಂಟ್ ಹೋದರೆ

ಪ್ರಿಫರೆನ್ಸಸ್‌ನ ಬ್ಯಾಕಪ್ ವಿಭಾಗದಲ್ಲಿ 'ಸೆಶನ್ ಸ್ನ್ಯಾಪ್‌ಶಾಟ್' ಆನ್ ಇರುತ್ತದೆ, 7 ಸೆಕೆಂಡಿಗೊಮ್ಮೆ ಸೇವ್ ಆಗದ ಟ್ಯಾಬ್‌ಗಳನ್ನೂ ನಕಲು ಮಾಡಿಡುತ್ತದೆ. ಇದನ್ನೇ ನಂಬಿ 'ನ್ಯೂ 1', 'ನ್ಯೂ 2' ಎಂದು ವಾರಗಟ್ಟಲೆ ಹಾಗೇ ಬಿಡುವವರಿದ್ದಾರೆ. ಯುಪಿಎಸ್ ಇಲ್ಲದ ಸಿಸ್ಟಮ್ ಬರೆಯುವ ಹೊತ್ತಿಗೇ ಆಫ್ ಆದರೆ ಮತ್ತೆ ತೆರೆದಾಗ ಫೈಲಿನ ತುಂಬ ಕಪ್ಪು ಪಟ್ಟಿಯಲ್ಲಿ 'ನಲ್' ಎಂಬ ಇಂಗ್ಲಿಷ್ ಪದವೇ ಸಾಲಾಗಿ ಕಾಣುವುದುಂಟು. ಫೈಲಿನ ಅಳತೆ ಮೊದಲಿನಷ್ಟೇ ಇದ್ದರೂ ಒಳಗೆ ಬರೀ ಶೂನ್ಯ. ಅದೇ ವಿಭಾಗದಲ್ಲಿ 'ಬ್ಯಾಕಪ್ ಆನ್ ಸೇವ್' ಅನ್ನು ವರ್ಬೋಸ್‌ಗೆ ಇಟ್ಟು, ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ತೋರಿಸಿ. ಪ್ರತಿ ಸೇವ್‌ಗೂ ದಿನಾಂಕ, ಸಮಯದ ಹೆಸರಿನಲ್ಲಿ ಒಂದೊಂದು ಪ್ರತಿ ಉಳಿಯುತ್ತದೆ. ಫೋಲ್ಡರ್ ತುಂಬಿಕೊಳ್ಳುತ್ತದೆ ನಿಜ, ಆಗಾಗ ಹಳೆಯದನ್ನು ತೆಗೆದರಾಯಿತು.

ಹತ್ತು ಜನ ಬಂದು ಹೋಗುವ ಅಂಗಡಿಯಲ್ಲಾದರೆ ಇದೇ ಸೌಲಭ್ಯ ಅಪಾಯವೂ ಹೌದು. ಹಿಂದಿನ ಗಿರಾಕಿಯ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಇದ್ದ ಟ್ಯಾಬ್ ಮುಂದಿನವರು ತೆರೆದಾಗ ತಾನಾಗಿ ಎದ್ದು ಕೂರುತ್ತದೆ. ಅಂಥ ಸಿಸ್ಟಮ್‌ನಲ್ಲಿ 'ರಿಮೆಂಬರ್ ಕರೆಂಟ್ ಸೆಶನ್' ಟಿಕ್ ತೆಗೆದುಹಾಕಿ.

ಲಿನಕ್ಸ್ ಇರುವ ಲ್ಯಾಬ್‌ಗಳಲ್ಲಿ

ನೋಟ್‌ಪ್ಯಾಡ್++ ವಿಂಡೋಸ್‌ಗೆ ಮಾತ್ರ. ಉಬುಂಟುವಿನಲ್ಲಿ ಸಾಫ್ಟ್‌ವೇರ್ ಕಿಟಕಿಯಲ್ಲಿ 'ಜೀನಿ' (Geany) ಎಂದು ಹುಡುಕಿ ಹಾಕಿಕೊಳ್ಳಿ, ಅದೂ ಉಚಿತ, ಅಷ್ಟೇ ಹಗುರ. ಕನ್ನಡ ಸರಿಯಾಗಿ ಕಾಣದಿದ್ದರೆ ಗುಬ್ಬಿ ಅಥವಾ ನವಿಲು ಫಾಂಟ್ ಪ್ಯಾಕೇಜ್ ಸೇರಿಸಿ. ಕೀಲಿಮಣೆಗಳ ಪಟ್ಟಿಯಲ್ಲಿ 'ಕಗಪ ಫೊನೆಟಿಕ್' ಆರಿಸಿಕೊಂಡರೆ ನುಡಿಯಲ್ಲಿ ಪಳಗಿದ ಕೈಗೆ ಹೆಚ್ಚು ತೊಡಕಾಗದು. ವಿಂಡೋಸ್‌ನಿಂದ ತಂದ ಸ್ಕ್ರಿಪ್ಟ್ ಇಲ್ಲಿ ಓಡದೆ ತಕರಾರು ಮಾಡಿದರೆ ಸಾಮಾನ್ಯವಾಗಿ ಕಾರಣ ಸಾಲು ಮುಗಿಯುವ ಗುರುತು: ಅಲ್ಲಿ ಎರಡು ಸಂಕೇತ, ಇಲ್ಲಿ ಒಂದೇ. ನೋಟ್‌ಪ್ಯಾಡ್++ನಲ್ಲೇ ಎಡಿಟ್ ಮೆನುವಿನ 'ಇಒಎಲ್ ಕನ್ವರ್ಶನ್'ನಲ್ಲಿ ಯುನಿಕ್ಸ್ ಆರಿಸಿ, ಸೇವ್ ಮಾಡಿ, ಆಮೇಲೆ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ.