"ಇದರಲ್ಲಿ ಟ್ಯಾಲಿ ಓಡುತ್ತಾ?": ವಿಂಡೋಸ್‌ನವರಿಗೆ ಮ್ಯಾಕ್ ಮಾರಿದ ನನ್ನ ಅನುಭವ

ಬೆಂಗಳೂರಿನ ಒಂದು ಅಂಗಡಿಯಲ್ಲಿ ವರ್ಷಗಟ್ಟಲೆ ಆಪಲ್ ಕಂಪನಿಯ ಮ್ಯಾಕ್ ಕಂಪ್ಯೂಟರ್ ಮಾರಿದವನು ನಾನು. ಬರುತ್ತಿದ್ದವರಲ್ಲಿ ಹೆಚ್ಚಿನವರು ವಿಂಡೋಸ್‌ನಲ್ಲೇ ಕೈ ಪಳಗಿದವರು. ಅವರ ಪ್ರಶ್ನೆಗಳು ಇಷ್ಟೇ: "ಇದರಲ್ಲಿ ಟ್ಯಾಲಿ ಓಡುತ್ತಾ?" "ನುಡಿ ಹಾಕಿ ಕೊಡ್ತೀರಾ?" "ಹಳೇ ಫೋಟೋ ಎಲ್ಲಾ ಬರುತ್ತೆ ಅಲ್ವಾ?" ಟ್ಯಾಲಿ ಅಂದರೆ ಲೆಕ್ಕಪತ್ರದ ಸಾಫ್ಟ್‌ವೇರ್, ನುಡಿ ಅಂದರೆ ಕನ್ನಡ ಟೈಪ್ ಮಾಡುವ ಸಾಫ್ಟ್‌ವೇರ್. ಲಕ್ಷ ರೂಪಾಯಿ ಕೊಡಲು ತಯಾರಿದ್ದವರೂ ಕೈಯಲ್ಲಿರೋದು ಎಲ್ಲಿ ಹೋಗಿಬಿಡುತ್ತೋ ಅಂತ ಹೆದರುತ್ತಿದ್ದರು. ಆ ಹೆದರಿಕೆ ಕಳೆದರೆ ಅರ್ಧ ವ್ಯಾಪಾರ ಆದಂತೆ.

ಆಪಲ್ ಕಂಪನಿಗೆ ಇದು ಚೆನ್ನಾಗಿ ಗೊತ್ತಿತ್ತು. 2002ರಲ್ಲಿ 'ಸ್ವಿಚ್' ಅನ್ನೋ ಜಾಹೀರಾತು ಮಾಡಿದರು, ವಿಂಡೋಸ್ ಬಿಟ್ಟು ಬಂದ ಮಾಮೂಲಿ ಜನ ತಮ್ಮ ಕಥೆ ಹೇಳೋದು. ಚೆನ್ನಾಗೇ ಇತ್ತು. ಆದರೆ ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದು, ನನ್ನ ಲೆಕ್ಕದಲ್ಲಿ, 2003ರ ಅಕ್ಟೋಬರ್‌ನಲ್ಲಿ ತಮ್ಮ ಮ್ಯೂಸಿಕ್ ಪ್ಲೇಯರ್ ಐಪಾಡ್‌ಗೆ ಹಾಡು ತುಂಬುವ ಐಟ್ಯೂನ್ಸ್ ಸಾಫ್ಟ್‌ವೇರನ್ನು ವಿಂಡೋಸ್‌ಗೂ ಕೊಟ್ಟಿದ್ದು. ಮೊದಲು ಐಪಾಡ್ ಮನೆ ಸೇರಿತು, ಮ್ಯಾಕ್ ಅದರ ಹಿಂದೆ ಹೋಯಿತು. 2005ರ ಮ್ಯಾಕ್ ಮಿನಿ ನೋಡಿ. 499 ಡಾಲರ್, ಜೊತೆಗೆ ಕೀಬೋರ್ಡ್ ಇಲ್ಲ, ಮೌಸ್ ಇಲ್ಲ, ಮಾನಿಟರ್ ಇಲ್ಲ. ನಿಮ್ಮ ಹಳೇ ಪಿಸಿಯದ್ದನ್ನೇ ಕಿತ್ತು ಇದಕ್ಕೆ ಹಾಕಿಕೊಳ್ಳಿ ಅಂತ!

2006ರಲ್ಲಿ ಮ್ಯಾಕ್ ಒಳಗೆ ಇಂಟೆಲ್ ಚಿಪ್ ಬಂತು, ಏಪ್ರಿಲ್‌ನಲ್ಲಿ ಬೂಟ್ ಕ್ಯಾಂಪ್ ಅನ್ನೋ ಆಪಲ್‌ನದೇ ಸಾಫ್ಟ್‌ವೇರ್ ಬಂತು. ಅಂದರೆ ಅದೇ ಮಶಿನ್‌ನಲ್ಲಿ ವಿಂಡೋಸ್ ಕೂಡ ಹಾಕಿಕೊಳ್ಳಬಹುದು. ನನ್ನಂಥವನಿಗೆ ಇದಕ್ಕಿಂತ ಇನ್ನೇನು ಬೇಕು? "ಸರಿಹೋಗಲಿಲ್ಲ ಅಂದ್ರೆ ಇದರಲ್ಲೇ ವಿಂಡೋಸ್ ಇದೆಯಲ್ಲ ಸಾರ್" ಅಂದರೆ ಸಾಕು, ಮುಖ ಸಡಿಲವಾಗುತ್ತಿತ್ತು. ತಮಾಷೆ ಏನಂದರೆ, ಹಟ ಹಿಡಿದು ವಿಂಡೋಸ್ ಹಾಕಿಸಿಕೊಂಡ ಎಷ್ಟೋ ಜನ ಕೆಲವು ತಿಂಗಳಾದ ಮೇಲೆ ಬಂದು "ಅದನ್ನ ತೆಗೆದುಬಿಡಪ್ಪಾ, ಸುಮ್ನೆ ಜಾಗ ತಿಂತಿದೆ" ಅನ್ನುತ್ತಿದ್ದರು.

ಕೌಂಟರ್‌ನಲ್ಲಿ ನಾನು ಭಾಷಣ ಮಾಡುತ್ತಿರಲಿಲ್ಲ. ಮಶಿನ್ ಅವರ ಕಡೆ ತಿರುಗಿಸಿ, ನಿಮ್ಮ ಕೆಲಸ ಏನಿದೆಯೋ ಮಾಡಿ ಅನ್ನುತ್ತಿದ್ದೆ. ಎಲ್ಲಿ ಕೈ ತಡೆಯುತ್ತೆ ಅಂತ ನೋಡೋದಷ್ಟೇ ನನ್ನ ಕೆಲಸ. ಎಲ್ಲರೂ ಫೈಲ್ ಮೇಲೆ ಎಂಟರ್ ಒತ್ತುತ್ತಾರೆ. ಅದು ತೆರೆಯಲ್ಲ, ಹೆಸರು ಬದಲಾಯಿಸಲು ಬಿಡುತ್ತೆ. ಕೆಂಪು ಗುಂಡಿ ಒತ್ತಿ ಪ್ರೋಗ್ರಾಂ ಮುಚ್ಚಿದೆ ಅಂದುಕೊಳ್ಳುತ್ತಾರೆ. ಕಿಟಕಿ ಮಾತ್ರ ಮುಚ್ಚಿರುತ್ತೆ, ಕೆಳಗೆ ಐಕಾನ್ ಅಡಿಯಲ್ಲಿ ಚುಕ್ಕೆ ಇದ್ದೇ ಇರುತ್ತೆ, ಅಂದರೆ ಪ್ರೋಗ್ರಾಂ ಇನ್ನೂ ಓಡುತ್ತಿದೆ ಅಂತ. ಇವನ್ನೆಲ್ಲಾ ಅಂಗಡಿಯಲ್ಲೇ ತೋರಿಸಿ ಕಳಿಸಿದರೆ ಮನೆಗೆ ಹೋಗಿ ಬೈಯೋದು ತಪ್ಪುತ್ತೆ.

ನಿಜವಾದ ತಲೆನೋವು ಹಾರ್ಡ್ ಡಿಸ್ಕ್. ವಿಂಡೋಸ್‌ನವರ ಡಿಸ್ಕ್ ಸಾಮಾನ್ಯವಾಗಿ ಎನ್‌ಟಿಎಫ್‌ಎಸ್ ಅನ್ನೋ ವಿಂಡೋಸ್ ಫಾರ್ಮ್ಯಾಟ್‌ನಲ್ಲಿರುತ್ತೆ. ಮ್ಯಾಕ್ ಅದನ್ನು ಓದುತ್ತೆ, ಅದಕ್ಕೆ ಬರೆಯಲ್ಲ, ಅಂದರೆ ಅದರೊಳಗೆ ಹೊಸ ಫೈಲ್ ಹಾಕಲು ಬಿಡಲ್ಲ. ಮದುವೆ ಫೋಟೋ ತೆಗೆಯುವವರೊಬ್ಬರು ಮಾರನೇ ದಿನವೇ ಬಂದು "ಕೆಟ್ಟ ಪೀಸ್ ಕೊಟ್ಟಿದ್ದೀಯ" ಅಂತ ಕೂಗಾಡಿದ್ದರು. ಅವರ ಫೋಟೋಗಳನ್ನು ಇನ್ನೊಂದು ಕಡೆ ಕಾಪಿ ಮಾಡಿಟ್ಟು, ಡಿಸ್ಕನ್ನು ಎಕ್ಸ್‌ಫ್ಯಾಟ್ ಅನ್ನೋ ಇನ್ನೊಂದು ಫಾರ್ಮ್ಯಾಟ್‌ಗೆ ಬದಲಾಯಿಸಿ, ಎರಡೂ ಕಡೆ ಓಡುವ ಹಾಗೆ ಮಾಡಿ ಕೊಟ್ಟೆ. ಅವತ್ತಿಂದ ಬಿಲ್ ಮಾಡುವ ಮೊದಲು "ಡಿಸ್ಕ್ ತಂದಿದ್ದೀರಾ?" ಅಂತ ಕೇಳೋದು ರೂಢಿಯಾಯ್ತು.

ನುಡಿಯದ್ದು ಬೇರೆ ಕಥೆ. ಪ್ರಿಂಟಿಂಗ್ ಪ್ರೆಸ್‌ನವರ ಹಳೇ ಫೈಲೆಲ್ಲಾ ನುಡಿಯ ಆಸ್ಕಿ ಫಾಂಟ್‌ನಲ್ಲಿರುತ್ತೆ, ಅಂದರೆ ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೇ ಕನ್ನಡದ ರೂಪ ತೊಡಿಸಿದ್ದು. ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡದ ಬದಲು ತಲೆಬುಡ ಇಲ್ಲದ ಅಕ್ಷರಗಳು. ಮ್ಯಾಕ್‌ನಲ್ಲಿ ಕನ್ನಡ ಕೀಬೋರ್ಡ್ ಇದೆ, ಎಲ್ಲಾ ಕಂಪ್ಯೂಟರ್‌ಗೂ ಅರ್ಥವಾಗುವ ಯೂನಿಕೋಡ್ ಕನ್ನಡ ಚೆನ್ನಾಗಿ ಬರುತ್ತೆ, ನಿಜ. ಆದರೆ ಹಳೇದನ್ನು ಮೊದಲು ವಿಂಡೋಸ್‌ನಲ್ಲೇ ಯೂನಿಕೋಡ್‌ಗೆ ಪರಿವರ್ತಿಸಿಕೊಂಡು ಬನ್ನಿ ಅಂತ ಹೇಳುತ್ತಿದ್ದೆ.

2020ರ ನವೆಂಬರ್‌ನಲ್ಲಿ ಇಂಟೆಲ್ ಬದಲು ಆಪಲ್‌ನದೇ ಚಿಪ್ ಎಂ1 ಬಂದಾಗ ಆಟ ಬದಲಾಯ್ತು. ಫ್ಯಾನ್ ಇಲ್ಲದ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್, ದಿನವಿಡೀ ಬ್ಯಾಟರಿ. ಜನ ತಾವಾಗಿಯೇ ಕೇಳಿಕೊಂಡು ಬಂದರು. ಆದರೆ ಈ ಚಿಪ್‌ನಲ್ಲಿ ಬೂಟ್ ಕ್ಯಾಂಪ್ ಇಲ್ಲ. ವಿಂಡೋಸ್ ಬೇಕೇ ಬೇಕು ಅಂದರೆ ಮ್ಯಾಕ್ ಒಳಗೇ ಅದನ್ನು ಓಡಿಸುವ ಪ್ಯಾರಲಲ್ಸ್ ಸಾಫ್ಟ್‌ವೇರ್‌ಗೆ ಒಂದು ದುಡ್ಡು, ವಿಂಡೋಸ್ ಲೈಸೆನ್ಸ್‌ಗೆ ಇನ್ನೊಂದು ದುಡ್ಡು. ಅದನ್ನೆಲ್ಲಾ ಚೀಟಿಯಲ್ಲಿ ಬರೆದು, ಕೂಡಿಸಿ ತೋರಿಸುತ್ತಿದ್ದೆ. ಟ್ಯಾಲಿಗೆ ಮ್ಯಾಕ್ ಆವೃತ್ತಿ ಇಲ್ಲ, ಹಾಗಾಗಿ ದಿನವಿಡೀ ಅದರಲ್ಲೇ ಇರುವ ಅಕೌಂಟೆಂಟ್ ಬಂದರೆ "ಮೇಡಂ, ನಿಮ್ಮ ಕೆಲಸಕ್ಕೆ ವಿಂಡೋಸೇ ಸರಿ" ಅಂತ ಹೇಳಿ ಕಳಿಸುತ್ತಿದ್ದೆ. ಮ್ಯಾನೇಜರ್‌ಗೆ ಸಿಟ್ಟು ಬರುತ್ತಿತ್ತು. ಬರಲಿ. ಒತ್ತಾಯಕ್ಕೆ ಮಾರಿದ ಮಶಿನ್ ವಾರದೊಳಗೆ ವಾಪಸ್ ಬಂದರೆ ಕೌಂಟರ್‌ನಲ್ಲಿ ನಿಂತು ಬೈಸಿಕೊಳ್ಳುವವನು ಅವರಲ್ಲ, ನಾನು.