0/0 ಬಂತಾ? ಲೆಕ್ಕ ಈಗ ಶುರು

ಮೇಲೊಂದು ಬಹುಪದೋಕ್ತಿ, ಕೆಳಗೊಂದು ಬಹುಪದೋಕ್ತಿ. ಇಂಥ ಭಿನ್ನರಾಶಿಯ ಲಿಮಿಟ್ (ಅಂದರೆ ಎಕ್ಸ್ ಒಂದು ಸಂಖ್ಯೆಯ ಹತ್ತಿರ ಹೋದಂತೆಲ್ಲ ಭಿನ್ನರಾಶಿಯ ಬೆಲೆ ಯಾವುದರ ಹತ್ತಿರ ಹೋಗುತ್ತದೆ ಎಂಬುದು) ಕಂಡುಹಿಡಿಯುವುದನ್ನು ಕಲಿಯಲು ಒಂದೇ ಲೆಕ್ಕ ಸಾಕು:

(ಎಕ್ಸ್² + ಎಕ್ಸ್ − 6) / (ಎಕ್ಸ್² − 4)

ಮೊದಲು ಬೆಲೆಯನ್ನು ಸುಮ್ನೆ ಹಾಕಿ ನೋಡಿ. ಎಕ್ಸ್ 3ರ ಹತ್ತಿರ ಹೋಗುತ್ತಿದ್ದರೆ ಮೇಲೆ 6, ಕೆಳಗೆ 5. ಛೇದ ಸೊನ್ನೆಯಾಗಲಿಲ್ಲ, ಉತ್ತರ 6/5. ಮುಗಿಯಿತು. ಇಲ್ಲಿ ಅಪವರ್ತಿಸುತ್ತಾ ಕೂರುವುದು ದಂಡ.

ಎಕ್ಸ್ 2ರ ಹತ್ತಿರ ಹೋದರೆ? ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಹಾಗಂತ ಉತ್ತರ ಸೊನ್ನೆ ಅಲ್ಲ, ಒಂದೂ ಅಲ್ಲ, ‘ಲಿಮಿಟ್ ಇಲ್ಲ’ ಎಂದೂ ಅಲ್ಲ. 2 ಹಾಕಿದಾಗ ಬಹುಪದೋಕ್ತಿ ಸೊನ್ನೆಯಾದರೆ (ಎಕ್ಸ್ − 2) ಅದರ ಅಪವರ್ತನ ಆಗಿರಲೇಬೇಕು. ಇಲ್ಲಿ ಎರಡೂ ಕಡೆ ಸೊನ್ನೆ ಬಂದಿದೆ, ಅಂದರೆ ಎರಡೂ ಕಡೆ ಅದು ಅಡಗಿದೆ. ಬಿಡಿಸಿ ಬರೆಯಿರಿ:

[(ಎಕ್ಸ್ − 2)(ಎಕ್ಸ್ + 3)] / [(ಎಕ್ಸ್ − 2)(ಎಕ್ಸ್ + 2)]

ಹೊಡೆದುಹಾಕಿದರೆ ಉಳಿಯುವುದು (ಎಕ್ಸ್ + 3)/(ಎಕ್ಸ್ + 2). ಈಗ 2 ಹಾಕಿ. 5/4, ಅಂದರೆ 1.25.

ಸೊನ್ನೆಯನ್ನು ಸೊನ್ನೆಯಿಂದ ಹೊಡೆಯಬಹುದಾ ಎಂಬ ಅನುಮಾನ ಬಂದರೆ ಒಳ್ಳೆಯದೇ. ಲಿಮಿಟ್‌ನಲ್ಲಿ ಎಕ್ಸ್ 2ಕ್ಕೆ ಎಷ್ಟು ಬೇಕಾದರೂ ಹತ್ತಿರ ಬರುತ್ತದೆ, 2 ಮಾತ್ರ ಆಗುವುದಿಲ್ಲ. ಹಾಗಾಗಿ ನಾವು ಹೊಡೆದದ್ದು ಸೊನ್ನೆಯನ್ನಲ್ಲ. ನಂಬಿಕೆ ಬರದಿದ್ದರೆ ಕ್ಯಾಲ್ಕುಲೇಟರ್ ತೆಗೆದು ಮೂಲ ಲೆಕ್ಕಕ್ಕೇ 1.99 ಹಾಕಿ: 1.2506. 2.01 ಹಾಕಿ: 1.2494. ಕೆಲವು ಲೆಕ್ಕಗಳಲ್ಲಿ ಹೊಡೆದ ಮೇಲೂ 0/0 ಬರುತ್ತದೆ. ಆಗ ಅದೇ ಕೆಲಸ ಇನ್ನೊಂದು ಸಲ, ಅಷ್ಟೇ.

ಎಕ್ಸ್ −2ರ ಹತ್ತಿರ ಹೋದರೆ ಕಥೆಯೇ ಬೇರೆ. ಮೇಲೆ −4, ಕೆಳಗೆ 0. ಛೇದದ (ಎಕ್ಸ್ + 2)ಅನ್ನು ಹೊಡೆಯಲು ಮೇಲೆ ಜೋಡಿ ಇಲ್ಲ. ಎರಡೂ ಪಕ್ಕದಿಂದ ನೋಡಿ: −1.99ಕ್ಕೆ 101, −2.01ಕ್ಕೆ −99. ಇನ್ನೂ ಹತ್ತಿರ ಹೋದಷ್ಟೂ ಒಂದು ಆಕಾಶಕ್ಕೆ, ಇನ್ನೊಂದು ಪಾತಾಳಕ್ಕೆ. ಲಿಮಿಟ್ ಇಲ್ಲ. ಎಲ್-ಹಾಸ್ಪಿಟಲ್ ರೂಲ್ (ಮೇಲಿನದನ್ನೂ ಕೆಳಗಿನದನ್ನೂ ಬೇರೆ ಬೇರೆಯಾಗಿ ಡಿಫರೆನ್ಷಿಯೇಟ್ ಮಾಡಿ ಲಿಮಿಟ್ ಕಂಡುಹಿಡಿಯುವ ರೂಲ್) ಆಗಷ್ಟೇ ಕಲಿತವರು ಜಾಸ್ತಿ ಎಡವುವುದು ಇಲ್ಲೇ. ಕಣ್ಣುಮುಚ್ಚಿ ಮೇಲೆ ಕೆಳಗೆ ಡಿಫರೆನ್ಷಿಯೇಟ್ ಮಾಡಿ 3/4 ಎಂದು ಬರೆದುಬಿಡುತ್ತಾರೆ. ನೋಡಲು ಚೆನ್ನಾಗಿಯೇ ಇದೆ, ಆದರೆ ಪೂರ್ತಿ ತಪ್ಪು. ಆ ರೂಲ್ 0/0 ಅಥವಾ ಅನಂತ/ಅನಂತ ಬಂದಾಗ ಮಾತ್ರ ನಡೆಯುತ್ತದೆ.

ಇನ್ನು ಎಕ್ಸ್ ಅನಂತಕ್ಕೆ ಹೋಗುವ ಲೆಕ್ಕ. ಛೇದದ ದೊಡ್ಡ ಘಾತ ಎಕ್ಸ್². ಮೇಲೆ ಕೆಳಗೆ ಎರಡನ್ನೂ ಅದರಿಂದಲೇ ಭಾಗಿಸಿ:

(1 + 1/ಎಕ್ಸ್ − 6/ಎಕ್ಸ್²) / (1 − 4/ಎಕ್ಸ್²)

ಎಕ್ಸ್ ಕೆಳಗಿರುವ ತುಂಡುಗಳೆಲ್ಲ ಸೊನ್ನೆಯತ್ತ ಸವೆಯುತ್ತವೆ. ಉತ್ತರ 1. ಕೆಳಗಿನ ಘಾತ ಜಾಸ್ತಿ ಇದ್ದಿದ್ದರೆ 0 ಬರುತ್ತಿತ್ತು. ಮೇಲಿನದು ಜಾಸ್ತಿ ಇದ್ದರೆ ಬೆಲೆ ಅನಂತದ ಕಡೆ ಓಡುತ್ತದೆ, ಪ್ಲಸ್ಸೋ ಮೈನಸ್ಸೋ ಎಂಬುದನ್ನು ಚಿಹ್ನೆ ನೋಡಿ ಹೇಳಬೇಕು.