ಪಾಲಿಸಲೇಬೇಕಾದ ಸಲಹೆ: ಮಲಯ ರೆಸಿಡೆಂಟರ ಪ್ರಶ್ನೆಗೆ ಉತ್ತರ ಬರೆಯುವ ಬಗೆ

ಪ್ರಶ್ನೆ ಇದು: ಇಂದಿನ ಮಲೇಷ್ಯಾದ ಭಾಗವಾದ ಮಲಯದ ರಾಜ್ಯಗಳನ್ನು ಬ್ರಿಟಿಷರು ರೆಸಿಡೆಂಟ್ ಎಂಬ ಸಲಹೆಗಾರ ಅಧಿಕಾರಿಯ ಮೂಲಕ ಹೇಗೆ ಆಳಿದರು? ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಪರೀಕ್ಷೆಗೆ ಓದುವವರು ಈ ಉತ್ತರವನ್ನು ಪಾಂಗ್‌ಕೋರ್ ಒಪ್ಪಂದದ ಒಂದು ಕರಾರಿನಿಂದ ಶುರು ಮಾಡುವುದು ಒಳ್ಳೆಯದು. 1874ರ ಜನವರಿ 20ರಂದು ಮಲಯದ ಪೆರಾಕ್ ರಾಜ್ಯದ ಗಾದಿಗೆ ಅಬ್ದುಲ್ಲಾನನ್ನು ಒಪ್ಪಿದ ಬ್ರಿಟಿಷರು ಬರೆಸಿಕೊಂಡದ್ದು ಇದು: ರೆಸಿಡೆಂಟನ ಸಲಹೆ ಕೇಳಬೇಕು, ಹೇಳಿದಂತೆ ನಡೆಯಲೂ ಬೇಕು; ಮಲಯರ ಧರ್ಮ, ರೂಢಿ ಮಾತ್ರ ಹೊರಗೆ. ನಡೆಯಲೇಬೇಕಾದ ಸಲಹೆಗೆ ನಮ್ಮ ಕಡೆ ಹುಕುಂ ಅಂತಾರೆ! ಕರಾರಿನ ಎರಡೂ ತುದಿ ಬರೆಯಿರಿ. ‘ರೂಢಿ’ ಬಿಟ್ಟರೆ ಪೆರಾಕ್‌ನ ರೆಸಿಡೆಂಟ್ ಬರ್ಚ್ ಯಾಕೆ ಸತ್ತ ಅನ್ನುವುದಕ್ಕೆ ಕಾರಣವೇ ಸಿಗದು.

ಎರಡನೆಯ ಪ್ಯಾರಾ ಪೂರ್ತಿ ಅವನಿಗೇ ಕೊಡಿ. ಮೊದಲ ರೆಸಿಡೆಂಟ್ ಜೆ. ಡಬ್ಲ್ಯು. ಡಬ್ಲ್ಯು. ಬರ್ಚ್ ಸುಂಕ ವಸೂಲಿಯನ್ನು ಸರದಾರರ ಕೈಯಿಂದ ಕಸಿಯಲು ಹೋದ, ಸಾಲಕ್ಕೆ ಜೀತವಿದ್ದವರು ಓಡಿಬಂದರೆ ಆಸರೆ ಕೊಟ್ಟ. ಅವನಿಗೆ ಅದು ಆಡಳಿತ, ಸರದಾರರಿಗೆ ಅನ್ನದ ದಾರಿ, ರೂಢಿಯೂ ಹೌದು. 1875ರ ನವೆಂಬರ್ 2ರಂದು ಪಾಸಿರ್ ಸಲಾಕ್‌ನ ಹೊಳೆಯಲ್ಲಿ ಸ್ನಾನಕ್ಕಿಳಿದವನನ್ನು ಕೊಂದರು. ಆ ಕೊಲೆಯಲ್ಲಿ ಕೈವಾಡದ ಆರೋಪದ ಮೇಲೆ ಅಬ್ದುಲ್ಲಾ ಸೆಶೆಲ್ಸ್‌ಗೆ ಗಡೀಪಾರಾದ.

ಹೋಲಿಕೆಗೆ ನಮ್ಮ ಸೀಮೆ ದಾಟಬೇಕಿಲ್ಲ. ನರಗುಂದದ ಬಾಬಾಸಾಹೇಬನಿಗೆ ದತ್ತಕ ನಿರಾಕರಿಸಿದ್ದೂ ರೂಢಿಗೆ ಕೈಹಾಕಿದ ಮಾತೇ. 1858ರ ಮೇನಲ್ಲಿ ಬ್ರಿಟಿಷರ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಹೋಲಿಕೆ ಅಲ್ಲಿಗೇ ನಿಲ್ಲಿಸಿ, ವ್ಯತ್ಯಾಸ ಹೇಳಿ: ಬಾಬಾಸಾಹೇಬನನ್ನು ಗಲ್ಲಿಗೇರಿಸಿ ಸಂಸ್ಥಾನವನ್ನೇ ನುಂಗಿದರು, ಪೆರಾಕ್‌ನಲ್ಲಿ ಗಾದಿ ಉಳಿಯಿತು, ಕೂತವನು ಬದಲಾದ. ಎರಡು ಸಾಲು ಸಾಕು, ಹೆಚ್ಚಾದರೆ ಪ್ರಶ್ನೆ ಕೈತಪ್ಪುತ್ತದೆ.

ಆಮೇಲೆ ಪೆರಾಕ್‌ನ ಮುಂದಿನ ಹೆಸರಾಂತ ರೆಸಿಡೆಂಟ್ ಹ್ಯೂ ಲೋ (1877–1889). ರಾಜ್ಯ ಮಂಡಳಿಯಲ್ಲಿ ಸರದಾರರಿಗೆ ಜಾಗ, ಹೋದ ವಸೂಲಿಗೆ ಬದಲಿ ಆದಾಯ, ಜೀತ ಹಂತಹಂತವಾಗಿ ರದ್ದು. ಬರ್ಚ್ ಮಾಡಹೊರಟದ್ದನ್ನೇ ಇವನು ಸಾವಕಾಶ ಮಾಡಿದ. ನನ್ನ ಲೆಕ್ಕದಲ್ಲಿ ಉತ್ತರದ ತಿರುಳು ಇದೇ.

ಪುಟದ ಅಂಚಿನಲ್ಲಿ ಸಣ್ಣ ನಕಾಶೆ ಬರೆಯಿರಿ. ಅಂಕ ಹೋಗುವುದು ಹೆಚ್ಚಾಗಿ ಇಲ್ಲೇ. ರೆಸಿಡೆಂಟರಿದ್ದ ರಾಜ್ಯಗಳನ್ನು ಸೇರಿಸಿದ 1896ರ ಒಕ್ಕೂಟದಲ್ಲಿ ಪೆರಾಕ್, ಸೆಲಾಂಗೋರ್, ನೆಗೆರಿ ಸೆಂಬಿಲಾನ್, ಪಹಾಂಗ್ ನಾಲ್ಕೇ. ಕೆಡಾ, ಪೆರ್ಲಿಸ್, ಕೆಲಾಂತಾನ್, ತೆರೆಂಗಾನು 1909ರಲ್ಲಿ ಸಯಾಮಿನಿಂದ (ಇಂದಿನ ಥಾಯ್ಲೆಂಡ್) ಬ್ರಿಟಿಷರ ಕೈಗೆ ಬಂದವು; ಜೊಹೋರ್ 1914ರಲ್ಲಿ ಜನರಲ್ ಅಡ್ವೈಸರ್ ಎಂಬ ಬ್ರಿಟಿಷ್ ಸಲಹೆಗಾರನನ್ನು ಒಪ್ಪಿತು. ಪೆನಾಂಗ್, ಮಲಕ್ಕಾ, ಸಿಂಗಾಪುರ ನೇರ ಬ್ರಿಟಿಷ್ ವಸಾಹತು, ಅಲ್ಲಿಗೆ ರೆಸಿಡೆಂಟ್ ಪದ್ಧತಿ ಅನ್ವಯಿಸಬೇಡಿ. ನೆಗೆರಿ ಸೆಂಬಿಲಾನ್‌ನ ದೊರೆಗೆ ಸುಲ್ತಾನ್ ಅನ್ನುವುದಿಲ್ಲ, ಯಾಂಗ್ ದಿ-ಪೆರ್ತುವಾನ್ ಬೆಸಾರ್.

ಸಮಯ ಉಳಿದರೆ 1946 ಸೇರಿಸಿ: ಮಲಯ ರಾಜ್ಯಗಳನ್ನು ಒಂದುಗೂಡಿಸುವ ಬ್ರಿಟಿಷರ ಮಲಯನ್ ಯೂನಿಯನ್ ದೊರೆಗಳ ಸಾರ್ವಭೌಮತ್ವವನ್ನೇ ಕೇಳಿತು. ಅದಕ್ಕಾಗಿ ಬಂದ ಬ್ರಿಟಿಷ್ ಪ್ರತಿನಿಧಿ ಮ್ಯಾಕ್‌ಮೈಕೆಲ್‌ಗೆ ಸಹಿ ಹಾಕಿಕೊಟ್ಟ ದೊರೆಗಳೇ ಗವರ್ನರ್ ಪದಗ್ರಹಣಕ್ಕೆ ಹೋಗಲಿಲ್ಲ. 1948ರಲ್ಲಿ ಅದನ್ನು ಕೈಬಿಟ್ಟು ಫೆಡರೇಶನ್ ಮಾಡಿದರು.